ಡಚ್ಚರೂ ಕ್ರಿಶ್ಚಿಯನ್ನರೇ ತಾನೆ, ಮತ್ಯಾಕೆ ಜೋಸೆಫ್ ವಾಜ್ ಕೂಲಿ ವೇಷದಲ್ಲಿ ಓಡಾಡ್ಬೇಕಾಯ್ತು?

ಹಾಸನದ_ಹೈದ

ನಮಸ್ಕಾರ ಎಲ್ರಿಗೂ. ನಾನು ಹಾಸನದವ್ನು, ಮಂಗಳೂರಿಗೆ ಬಂದು ಎರಡು ವರ್ಷ ಆಯ್ತು ಅಷ್ಟೇ, ಚರ್ಚು ಪಾದ್ರಿ ವಿಷ್ಯ ಏನೂ ಗೊತ್ತಿಲ್ಲ, ದಡ್ಡ ಪ್ರಶ್ನೆ ಅನ್ನಿಸಿದ್ರೆ ಬೈಬೇಡಿ. ಹೋದ ಭಾನುವಾರ ಆಫೀಸಲ್ಲಿ ಜೊತೆಗಿರೋ ಒಬ್ರು ಅವ್ರ ಅಮ್ಮನ್ನ ಮಂಗಳೂರು ಹತ್ರದ ಮುಡಿಪು ಅನ್ನೋ ಊರಿಗೆ ಕರ್ಕೊಂಡು ಹೋಗ್ಬೇಕಿತ್ತು, ಹರಕೆ ಇತ್ತಂತೆ, ಅವ್ರ ಗಾಡಿ ಕೆಟ್ಟಿತ್ತು ಹಂಗಾಗಿ ನನ್ನ ಕಾರಲ್ಲಿ ಹೋದ್ವಿ. ಗುಡ್ಡದ ಮೇಲೆ ಸಂತ ಜೋಸೆಫ್ ವಾಜ್ ಅನ್ನೋರ ಪುಣ್ಯಕ್ಷೇತ್ರ, ಅಲ್ಲೇ ನೀರಿನ ಒರತೆ. ಅಮ್ಮ ಬಿಸ್ಲೇರಿ ಬಾಟ್ಲಿಗೆ ನೀರು ತುಂಬಿಸ್ಕೊಳ್ತಾ ಕಥೆ ಹೇಳಿದ್ರು, ಯಾರೋ ಕಿಡಿಗೇಡಿಗಳು ಅರ್ಧ ರಾತ್ರೀಲಿ ಬಂದು ರೋಗಿ ಸಾಯ್ತಾ ಇದಾನೆ ಬನ್ನಿ ಪದ್ರ್ಯಾಬ್ ಅಂತ ಸುಳ್ಳು ಹೇಳಿ ಈ ಗುಡ್ಡಕ್ಕೆ ಕರ್ಕೊಂಡು ಬಂದ್ರಂತೆ ಹೊಡೆಯೋಕೆ, ಇವ್ರು ಮೊಣಕಾಲೂರಿ ಕೂತ ಜಾಗದಲ್ಲಿ ಮತ್ತೆ ಕೋಲು ಊರಿದ ಜಾಗದಲ್ಲಿ ನೀರು ಬಂತಂತೆ. ಅದು ಬಿಡಿ, ನಂಬೋರು ನಂಬ್ತಾರೆ. ನಂಗೆ ತಲೇಲಿ ಉಳ್ಕೊಂಡಿದ್ದು ಆಮೇಲೆ ಹೇಳಿದ್ದು, "ನಂತರ ಸಿಲೋನಿಗೆ (ಈಗಿನ ಶ್ರೀಲಂಕಾ) ಹೋದ್ರು ಮಗಾ, ಅಲ್ಲಿ ಡಚ್ಚರು ಪಾದ್ರಿಗಳನ್ನ ಕೊಲ್ತಿದ್ರು, ಇವ್ರು ಕೂಲಿಯವ್ರ ಹಾಗೆ ತುಂಡು ಬಟ್ಟೆ ಸುತ್ಕೊಂಡು ವರ್ಷಗಟ್ಲೆ ಕದ್ದು ಪೂಜೆ ಮಾಡಿದ್ರು" ಅಂತ.

ಅಲ್ಲ, ಡಚ್ಚರೂ ಕ್ರಿಶ್ಚಿಯನ್ನರೇ ಅಲ್ವಾ? ತಮ್ಮದೇ ದೇವರ ಪಾದ್ರೀನ ಯಾಕೆ ಹಿಡೀಬೇಕು? ಇನ್ನೊಂದು, ಕದ್ದು ಮುಚ್ಚಿ ಇರೋದು ಅಂದ್ರೆ ದಿನಾ ಹೆಂಗೆ ನಡೀತಿತ್ತು, ಊಟ ಎಲ್ಲಿ, ಮಲಗೋದು ಎಲ್ಲಿ, ಜನರಿಗೆ ಇವ್ರು ಪಾದ್ರಿ ಅಂತ ಗೊತ್ತಾಗೋದಾದ್ರೂ ಹೆಂಗೆ? ಅಮ್ಮ ಕೊನೆಗೆ ಬೌದ್ಧ ರಾಜ ಕಾಪಾಡಿದ ಅಂದ್ರು, ಅದಂತೂ ಪೂರ್ತಿ ತಲೆಕೆಳಗಾಗಿದೆ ಅನ್ನಿಸ್ತು. ತಿಳಿದವ್ರು ಹೇಳಿ.

ಹಳೇ_ಪುಟಗಳು

ಒಳ್ಳೆ ಪ್ರಶ್ನೆ, ದಡ್ಡ ಪ್ರಶ್ನೆ ಅಲ್ಲ. ಮೊದಲನೇದಕ್ಕೆ ಮಾತ್ರ ಉತ್ತರ ಹೇಳ್ತೀನಿ, ಉಳಿದಿದ್ದಕ್ಕೆ ಕರಾವಳಿಯವ್ರು ಬರ್ತಾರೆ.

ಡಚ್ಚರು ಪ್ರಾಟೆಸ್ಟೆಂಟರು, ಅದರಲ್ಲೂ ಕ್ಯಾಲ್ವಿನ್ ಪಂಥದವ್ರು. ಅವ್ರಿಗೆ ಮೂರ್ತಿ, ಜಪಮಾಲೆ, ಸಂತರ ಪೂಜೆ, ಬಲಿಪೂಜೆ (ಚರ್ಚಲ್ಲಿ ಪಾದ್ರಿ ಮಾಡೋ ಮಾಸ್) ಎಲ್ಲಾನೂ ವಿಗ್ರಹಾರಾಧನೆ. ಇದರ ಜೊತೆ ಅವ್ರ ದೇಶ ಕ್ಯಾಥೊಲಿಕ್ ಸ್ಪೇನ್ ರಾಜನ ವಿರುದ್ಧ 1568ರಿಂದ 1648ರ ತನಕ ಎಂಬತ್ತು ವರ್ಷ ಹೊಡೆದಾಡಿ ಬಿಡಿಸ್ಕೊಂಡ ದೇಶ, ಹಂಗಾಗಿ ಕ್ಯಾಥೊಲಿಕ್ ಅಂದ್ರೆ ಅವ್ರ ಕಿವಿಗೆ ಶತ್ರು ಅಂತಲೇ ಕೇಳ್ಸೋದು. ಆದ್ರೆ ಒಂದು ತಮಾಷೆ ನೋಡಿ, ಅದೇ ಕಾಲದಲ್ಲಿ ಆಮ್‌ಸ್ಟರ್‌ಡಾಮಲ್ಲಿ ಕ್ಯಾಥೊಲಿಕ್ಕರು ಮನೆ ಅಟ್ಟದ ಮೇಲೆ ಚರ್ಚ್ ಮಾಡ್ಕೊಂಡು ಪೂಜೆ ಮಾಡ್ತಿದ್ರು, ಊರಿನ ಅಧಿಕಾರಿಗಳಿಗೆ ಗೊತ್ತಿತ್ತು, ಹೊರಗಿಂದ ಚರ್ಚ್ ಥರ ಕಾಣಿಸ್ದಿದ್ರೆ ಸಾಕು ಅಂತ ಸುಮ್ನಿರ್ತಿದ್ರು. ಅಷ್ಟು ಸಡಿಲ ಸಿಲೋನಲ್ಲಿ ಯಾಕಿರಲಿಲ್ಲ ಅಂದ್ರೆ ಅಲ್ಲಿ ಇದು ಧರ್ಮದ ಜಗಳಕ್ಕಿಂತ ದಾಲ್ಚಿನ್ನಿ ಜಗಳ. ದಾಲ್ಚಿನ್ನಿ ವ್ಯಾಪಾರ ಪೋರ್ಚುಗೀಸರ ಕೈಲಿತ್ತು, ಡಚ್ ಈಸ್ಟ್ ಇಂಡಿಯಾ ಕಂಪನಿ 1656ರಲ್ಲಿ ಕೊಲಂಬೊ ಹಿಡೀತು, 1658ರಲ್ಲಿ ಉತ್ತರದ ಯಾಫ್ನಾ (ಜಾಫ್ನಾ). ಪೋರ್ಚುಗೀಸರು ಹೋದ್ರು, ಆದ್ರೆ ಅವ್ರು ಮತಾಂತರ ಮಾಡಿದ್ದ ಕರಾವಳಿ ಜನ ಅಲ್ಲೇ ಉಳಿದ್ರಲ್ಲ, ಇವ್ರೆಲ್ಲ ನಾಳೆ ಪೋರ್ಚುಗೀಸರು ವಾಪಸ್ ಬಂದ್ರೆ ಅವ್ರ ಕಡೆ ನಿಲ್ತಾರೆ ಅನ್ನೋ ಭಯ ಕಂಪನಿಗೆ. ಪಾದ್ರಿ ಅಂದ್ರೆ ಪೋರ್ಚುಗೀಸ್ ಗೂಢಚಾರ, ಅಷ್ಟೇ ಲೆಕ್ಕ. ಅದಕ್ಕೇ 1658ರಲ್ಲೇ ಆಜ್ಞೆ ಬಂತು, ಪಾದ್ರಿಗಳೆಲ್ಲ ಜಾಗ ಖಾಲಿ ಮಾಡ್ಬೇಕು, ಕ್ಯಾಥೊಲಿಕ್ ಪಾದ್ರಿಗೆ ಆಶ್ರಯ ಕೊಟ್ಟವ್ರಿಗೆ ಮರಣದಂಡನೆ. ಗಮನಿಸಿ, ಶಿಕ್ಷೆ ಪಾದ್ರಿಗಷ್ಟೇ ಅಲ್ಲ, ಮನೆಗೆ ಸೇರಿಸ್ಕೊಂಡೋನಿಗೆ.

ಕಾಗದದ ಕಡೆಯಿಂದಲೂ ಹಿಡಿತ ಇತ್ತು. ಹಳ್ಳಿ ಹಳ್ಳಿಲಿ ಡಚ್ ಶಾಲೆ, ಶಾಲೆ ಮೇಷ್ಟ್ರ ಹತ್ರ ತೊಂಬೊ ಅನ್ನೋ ದಫ್ತರ. ಅದರಲ್ಲಿ ದೀಕ್ಷಾಸ್ನಾನ, ಮದುವೆ ದಾಖಲಾಗ್ಬೇಕು, ಇಲ್ಲಾಂದ್ರೆ ಮದುವೆ ಸಿಂಧು ಅಲ್ಲ, ಆಸ್ತಿ ಹಕ್ಕಿಗೆ ತಕರಾರು, ಸರ್ಕಾರಿ ಹುದ್ದೆ ಕನಸು. ಹಂಗಾಗಿ ಹಿಂದೂ ಬೌದ್ಧ ಕ್ಯಾಥೊಲಿಕ್ ಎಲ್ರೂ ಪುಸ್ತಕದಲ್ಲಿ ಡಚ್ ಧರ್ಮದವ್ರು, ಮನೇಲಿ ಬೇರೆ. ನಮ್ಮಲ್ಲೂ ರೇಷನ್ ಕಾರ್ಡಲ್ಲಿ ಒಂದು, ಒಳಗೆ ಒಂದು ಇರೋ ಹಂಗೆ ಅಂದ್ಕೊಳ್ಳಿ.

ಸಿಂಹಳದಲ್ಲಿ ಒಂದು ಗಾದೆ ಇದೆ, ಶುಂಠಿ ಕೊಟ್ಟು ಮೆಣಸಿನಕಾಯಿ ತಗೊಂಡ ಹಾಗೆ ಅಂತ. ಒಳನಾಡಿನ ಬೌದ್ಧ ರಾಜ್ಯ ಕ್ಯಾಂಡಿಯ ರಾಜ ಎರಡನೇ ರಾಜಸಿಂಹ ಪೋರ್ಚುಗೀಸರನ್ನ ಓಡಿಸೋಕೆ 1638ರಲ್ಲಿ ಡಚ್ಚರ ಜೊತೆ ಒಪ್ಪಂದ ಮಾಡ್ಕೊಂಡ, ಅವ್ರು ಬಂದು ಕೋಟೆಗಳನ್ನ ಗೆದ್ದು ತಾವೇ ಇಟ್ಕೊಂಡ್ರು. ಆಗ ಹುಟ್ಟಿದ ಮಾತು. ನಿಮ್ಮ ಮೂರನೇ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ, ಡಚ್ಚರಿಗೆ ಆಗದವನು ಅಂದ್ರೆ ಕ್ಯಾಂಡಿ ರಾಜನಿಗೆ ಉಪಯೋಗಕ್ಕೆ ಬರೋನು. ಡಚ್ಚರಿಂದ ಓಡಿ ಬಂದ ಎಷ್ಟೋ ಕ್ಯಾಥೊಲಿಕ್ ಕುಟುಂಬಗಳಿಗೆ ಅವನ ರಾಜ್ಯದಲ್ಲಿ ಮುಂಚಿನಿಂದಲೇ ನೆಲೆ ಸಿಕ್ಕಿತ್ತು.

ಬಂದರ್_ಪುರ್ಬು

ನಮ್ಮ ಸಂತರ ವಿಷಯ ಬಂತಲ್ಲ, ಬರೀದೆ ಇರ್ಲಿಕ್ಕೆ ಆಗ್ಲಿಲ್ಲ. ಹೈದ ಅವ್ರೇ, ಅಮ್ಮನಿಗೆ ನನ್ನ ಕಡೆಯಿಂದ ದೇವ್ ಬರೆಂ ಕರುಂ (ಕೊಂಕಣಿಯಲ್ಲಿ ಥ್ಯಾಂಕ್ಸ್) ಹೇಳಿ.

ಸಿಲೋನಿಗೆ ಹೋಗುವ ಮೊದಲಿನ ಕಥೆ ಗೊತ್ತಿಲ್ಲದಿದ್ರೆ ಮುಂದಿನದ್ದು ಅರ್ಥ ಆಗೂದಿಲ್ಲ. ವಾಜ್ ಹುಟ್ಟಿದ್ದು 1651 ಏಪ್ರಿಲ್ 21, ಗೋವಾದ ಬಾಣಾವ್ಲಿಯಲ್ಲಿ, ಅದು ತಾಯಿ ಊರು, ತಂದೆ ಕಡೆ ಸಾಂಕ್ವಾಳ್. ಕೊಂಕಣಿ ಮಾತಾಡುವ ಮನೆ, ಬ್ರಾಹ್ಮಣರಿಂದ ಮತಾಂತರ ಆದ ಕುಟುಂಬ. 1676ರಲ್ಲಿ ಗುರುದೀಕ್ಷೆ ಆಗಿ ಪಾದ್ರಿ ಆದ್ರು. ಆದ್ರೆ ಕೇಳಿ, ಆಗ ಗೋವಾದಲ್ಲಿ ನೀವು ಎಷ್ಟೇ ಓದಿ, ಲ್ಯಾಟಿನಲ್ಲಿ ಪ್ರಸಂಗ ಕೊಡುವಷ್ಟು ಆಗಿ, ಕಪ್ಪು ಚರ್ಮದವ ಕಪ್ಪು ಚರ್ಮದವನೇ. ಜೆಸ್ವಿತರು, ಫ್ರಾನ್ಸಿಸ್ಕನರು, ಡೊಮಿನಿಕನರು, ಈ ದೊಡ್ಡ ಸಭೆಗಳ ಬಾಗಿಲು ಊರಿನವರಿಗೆ ಮುಚ್ಚಿತ್ತು. ಊರಿನ ಪಾದ್ರಿ ಅಂದ್ರೆ ಬಿಳಿ ವಿಗಾರನ (ಚರ್ಚಿನ ಮುಖ್ಯ ಪಾದ್ರಿ) ಕೈಕೆಳಗೆ ದುಡಿಯುವವ. ಅಲ್ಲಿ ಶಾಲೆ ಕಲಿತದ್ದು ಮಾತ್ರ ಬಿಳಿಯರ ಹತ್ರ, ಒಳಗೆ ಸೇರ್ಲಿಕ್ಕೆ ಇಲ್ಲ. ದೀಕ್ಷೆ ಆದ್ಮೇಲೆ ವಾಜ್ ಚಪ್ಪಲಿ ಬಿಟ್ರು, ಬಡವರ ಹಾಗೆ ಬರಿಗಾಲಲ್ಲೇ ನಡೀತಿದ್ರು. ಮರುವರ್ಷ ಮಾತೆ ಮರಿಯಮ್ಮನಿಗೆ ನಾನು ಗುಲಾಮ ಅಂತ ಪತ್ರ ಬರೆದು ಸಾಂಕ್ವಾಳದ ಇಗರ್ಜಿಯಲ್ಲಿ (ಚರ್ಚಲ್ಲಿ) ಒಪ್ಪಿಸಿದ್ರು.

ಸಿಲೋನಿನ ಜನರಿಗೆ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಪಾದ್ರಿ ಇಲ್ಲ ಅಂತ ಕೇಳಿ ಅಲ್ಲಿಗೆ ಹೋಗ್ತೇನೆ ಅಂದ್ರು. ಮೇಲಿನವರು 1681ರಲ್ಲಿ ನಮ್ಮ ಕೆನರಾಕ್ಕೆ, ಅಂದ್ರೆ ಈ ಕರಾವಳಿಗೆ ಕಳಿಸಿದ್ರು. ಆಗ ಇಲ್ಲಿ ಕೆಳದಿ ಚೆನ್ನಮ್ಮಾಜಿ ಆಳ್ವಿಕೆ. ಇಲ್ಲಿ ಹಿಡಿದು ಹೊಡೆಯುವವರು ಯಾರೂ ಇರಲಿಲ್ಲ, ಇದ್ದದ್ದು ನಮ್ಮೊಳಗಿನ ಜಗಳ. ರೋಮಿನಿಂದ ಬಂದ ಬಿಷಪರು ಒಂದು ಕಡೆ, ಇಲ್ಲಿನ ಚರ್ಚುಗಳ ಮೇಲೆ ಪೋರ್ಚುಗಲ್ ರಾಜನ ಹಕ್ಕು ಅಂತ ಗೋವಾದ ಆರ್ಚ್‌ಬಿಷಪ್ ಕಡೆಯವರು ಇನ್ನೊಂದು ಕಡೆ, ಇವರ ಪೂಜೆಗೆ ಅವರು ಹೋಗ್ಲಿಕ್ಕಿಲ್ಲ ಅವರ ಪೂಜೆಗೆ ಇವರು ಬರ್ಲಿಕ್ಕಿಲ್ಲ. ಅದೂ ಆ ರೋಮಿನ ಕಡೆಯ ಬಿಷಪ್ ತೊಮಾಸ್ ದ ಕಾಸ್ತ್ರೊ ಕೂಡ ಗೋವಾದವರೇ ಮಾರಾಯ್ರೆ! ವಾಜ್ ಮೂರು ವರ್ಷ ಇಲ್ಲಿ ಇದ್ದು ಜಗಳ ತಣ್ಣಗೆ ಮಾಡ್ಲಿಕ್ಕೆ ನೋಡಿದ್ರು, ಮಂಗಳೂರಿನಿಂದ ಗಂಗೊಳ್ಳಿ ತನಕ ನಡೆದ್ರು, 1684ರಲ್ಲಿ ಗೋವಾಕ್ಕೆ ವಾಪಸ್. ಮುಡಿಪಿನ ಒರತೆ ಕಥೆ ಈ ಕಾಲದ್ದು ಅಂತ ಹಿರಿಯರು ಹೇಳ್ತಾರೆ.

1685ರಲ್ಲಿ ಹಳೇ ಗೋವಾದ ಗುಡ್ಡದ ಮೇಲೆ ಸಾಂತಾ ಕ್ರೂಜ್ ದೊಸ್ ಮಿಲಾಗ್ರೆಸ್ ಇಗರ್ಜಿಯಲ್ಲಿ ಕೆಲವು ಊರಿನ ಪಾದ್ರಿಗಳು ಒಟ್ಟಾಗಿ ತಮ್ಮದೇ ಒಂದು ಸಂಘ ಶುರು ಮಾಡಿದ್ರು, ಇವರು ಸೇರಿದ್ರು, ಓರೆಟರಿ ಅಂತ ಹೆಸರು. ಬಾಗಿಲು ಮುಚ್ಚಿದ್ರೆ ಮುಚ್ಚಿ, ನಾವೇ ಬೇರೆ ಮನೆ ಕಟ್ತೇವೆ ಅಂತ. 1686ರಲ್ಲಿ ಅಲ್ಲಿಂದ ಹೊರಟ್ರು, ಜೊತೆಗೆ ಮನೆಯ ಆಳು ಜಾನ್.

ಈಗ ನಾನು ಹೇಳ್ಬೇಕಂತ ಇದ್ದದ್ದು. ಬಿಳಿ ಪಾದ್ರಿ ಒಬ್ಬ ಯಾಫ್ನಾದಲ್ಲಿ ಇಳಿದಿದ್ರೆ ಬಂದರಿನಲ್ಲೇ ಸಿಕ್ಕಿಬೀಳ್ತಿದ್ದ, ವೇಷ ಹಾಕಿ ಪ್ರಯೋಜನ ಇಲ್ಲ. ಮಂಡಿ ತನಕ ಕಚ್ಚೆ ಕಟ್ಟಿ, ಬರಿಗಾಲಲ್ಲಿ, ಬಿಸಿಲಿಗೆ ಸುಟ್ಟ ಮೈಯಲ್ಲಿ ಬಂದ ವಾಜರನ್ನು ಡಚ್ ಸಿಪಾಯಿ ನೋಡಿಯೂ ನೋಡ್ಲಿಲ್ಲ. ಗೋವಾದಲ್ಲಿ ಯಾವ ಮೈಬಣ್ಣಕ್ಕೆ ಹಿಂದಿನ ಬೆಂಚು ಸಿಕ್ತೋ ಅದೇ ಸಿಲೋನಲ್ಲಿ ಜೀವ ಉಳಿಸ್ತು. ಅಲ್ಲಿಂದ ಡಚ್ಚರ ಕಾಲ ಮುಗಿಯುವ ತನಕ ಸಿಲೋನಿನ ಕ್ಯಾಥೊಲಿಕರನ್ನ ನೋಡಿಕೊಂಡದ್ದು ಇವರ ಹಿಂದೆ ಬಂದ ಗೋವಾದ ಪಾದ್ರಿಗಳೇ. ನಮ್ಮ ಇಗರ್ಜಿಯ ಪ್ರಸಂಗದಲ್ಲಿ ಪವಾಡ ಹೇಳ್ತಾರೆ, ಇದನ್ನು ಹೇಳೂದು ಕಡಿಮೆ.

ಹಾಸನದ_ಹೈದ

ಅಬ್ಬಾ, ಇಷ್ಟು ನಿರೀಕ್ಷೆ ಮಾಡಿರ್ಲಿಲ್ಲ. ತುಂಬಾ ಥ್ಯಾಂಕ್ಸ್ ಇಬ್ರಿಗೂ. ದಾಲ್ಚಿನ್ನಿ ವಿಷ್ಯ ಓದಿ ಅಡುಗೆಮನೆ ಡಬ್ಬಿ ತೆಗೆದು ನೋಡ್ದೆ ನಿಜವಾಗ್ಲೂ. ಆದ್ರೆ ಎರಡನೇ ಪ್ರಶ್ನೆ ಹಂಗೇ ಇದೆ, ದಿನಾ ಹೆಂಗೆ ಬದುಕ್ತಿದ್ರು? ಪಾದ್ರಿ ಅಂತ ಹೇಳ್ಕೊಳ್ಳೋ ಹಂಗಿಲ್ಲ, ಹೇಳ್ದೆ ಇದ್ರೆ ಜನ ಬರಲ್ಲ.

ಕೊಲಂಬೊ_ರಿಟರ್ನ್

ನಾನು ಕೊಲಂಬೊದಲ್ಲಿ ಎಂಟು ವರ್ಷ ಕೆಲಸ ಮಾಡಿದೀನಿ, ಸೇಲ್ಸ್ ಕೆಲಸ ಆದ್ದರಿಂದ ಯಾಫ್ನಾ, ಪುತ್ತಳಂ, ಕ್ಯಾಂಡಿ ಎಲ್ಲಾ ಸುತ್ತಿದೀನಿ, ನಾನು ಲಿಂಗಾಯತ, ಆದ್ರೆ ಅಲ್ಲಿ ಮನೆ ಓನರ್ ನೆಗೊಂಬೊ ಕಡೆ ಕ್ಯಾಥೊಲಿಕ್ ಆಗಿದ್ದರಿಂದ ಈ ಕಥೆ ಊಟದ ಜೊತೆ ಬಡಿಸೋರು, ಆಮೇಲೆ ನಾನೇ ಓದ್ಕೊಂಡೆ.

ವಾಜ್ ಕರಾವಳಿ ಹಿಡ್ಕೊಂಡು ದಕ್ಷಿಣಕ್ಕೆ ಬಂದು ತೂತುಕುಡಿ ಮುಟ್ಟಿದ್ರು, ಅದೂ ಆಗ ಡಚ್ಚರ ಕೈಲೇ ಇತ್ತು, ಹಂಗಾಗಿ ವೇಷ ಅಲ್ಲಿಂದಲೇ ಬೇಕಾಯ್ತು. 1687ರಲ್ಲಿ ದೋಣಿ ಹತ್ತಿದ್ರು, ಬಿರುಗಾಳಿಗೆ ಸಿಕ್ಕಿ ಮನ್ನಾರಿಗೆ ಹೋಗಿ ಅಲ್ಲಿಂದ ಯಾಫ್ನಾ. ಇಳಿದಾಗ ಇಬ್ರಿಗೂ ರಕ್ತಭೇದಿ, ಏಳೋಕಾಗಲ್ಲ. ಗುರುತಿಲ್ಲದ ಊರು, ರೋಗದ ಜನ, ಯಾರು ಮನೆಗೆ ಸೇರಿಸ್ತಾರೆ, ಊರ ಹೊರಗೆ ಪೊದೆ ಪಕ್ಕ ಬಿದ್ದಿದ್ರು. ಅಲ್ಲೊಬ್ಬ ಹೆಂಗಸು ದಿನಾ ಗಂಜಿ ತಂದು ಕೊಟ್ಟು ಬದುಕಿಸಿದ್ಲು. ಗಂಜಿ ಅಂದ್ರೆ ನಮ್ಮದೇ ಗಂಜಿ, ಅಲ್ಲೂ ಅದೇ ಹೆಸರು. ಸಿಲೋನಿನ ಮೊದಲ ಸಂತ ಅಂತ ಇವತ್ತು ಮೆರವಣಿಗೆ ಮಾಡ್ತಾರಲ್ಲ, ಅವ್ರ ಕೆಲಸ ಅಲ್ಲಿ ಶುರುವಾಗಿದ್ದು ಭೇದಿಯಿಂದ ಮತ್ತೆ ಆ ಗಂಜಿಯಿಂದ.

ಸ್ವಲ್ಪ ಚೇತರಿಸ್ಕೊಂಡ್ಮೇಲೆ ನಿಮ್ಮ ಪ್ರಶ್ನೆ ಅವ್ರಿಗೂ ಬಂತು, ಕ್ಯಾಥೊಲಿಕ್ಕರು ಯಾರು ಅಂತ ಕೇಳೋದು ಹೆಂಗೆ? ಕೇಳಿದ್ರೆ ಕೇಳಿದವ್ನೂ ಹೋದ, ಹೇಳಿದವ್ನೂ ಹೋದ. ಅವ್ರು ಮಾಡಿದ ಉಪಾಯ ಏನಂದ್ರೆ ಜಪಮಾಲೆ ಕೊರಳಿಗೆ ಹಾಕ್ಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದ್ರು. ಅಕ್ಕಿ ಹಾಕೋಕೆ ಬಂದವ್ರ ಕಣ್ಣು ಎಲ್ಲಿ ಹೋಗುತ್ತೆ ಅಂತ ನೋಡೋದು. ಗೊತ್ತಿಲ್ಲದವ್ರಿಗೆ ಅದು ಯಾವ್ದೋ ಮಣಿ ಸರ, ಗೊತ್ತಿರೋರ ಮುಖ ಬದಲಾಗ್ತಿತ್ತು. ಹಂಗೆ ಒಂದು ಮನೇಲಿ ಸುಳಿವು ಸಿಕ್ತು, ಮೊದಮೊದ್ಲು ಆ ಮನೆಯವ್ರಿಗೂ ಅನುಮಾನ ಡಚ್ಚರು ಕಳಿಸಿದ ಗೂಢಚಾರ ಇರಬಹುದಾ ಅಂತ, ಆಮೇಲೆ ನಂಬಿಕೆ ಬಂದು ಯಾಫ್ನಾ ಹತ್ರ ಸಿಲ್ಲಾಲೈ ಅನ್ನೋ ಹಳ್ಳಿಗೆ ಕರ್ಕೊಂಡು ಹೋದ್ರು, ಆ ಊರಿನವ್ರು ಹಳೇ ನಂಬಿಕೆ ಬಿಟ್ಟಿರ್ಲಿಲ್ಲ. ಅದೇ ಅವ್ರ ಬಿಡಾರ ಆಯ್ತು.

ಹಗಲು ಹೊತ್ತು ಒಳಗೆ, ಇಲ್ಲಾಂದ್ರೆ ಕೂಲಿಯವನ ಥರ ದಾರಿ ಮೇಲೆ. ಕತ್ತಲಾದ ಮೇಲೆ ಕೆಲಸ. ಯಾವ್ದೋ ಮನೇಲಿ ಜನ ಒಬ್ಬೊಬ್ರಾಗಿ ಬಂದು ಸೇರೋದು, ಮೂವತ್ತು ವರ್ಷದ ಪಾಪನಿವೇದನೆ ಬಾಕಿ ಇದೆ ನೆನಪಿರ್ಲಿ, ಅದು ಕೇಳೋದ್ರಲ್ಲೇ ರಾತ್ರಿ ಮುಗಿಯೋದು, ಮಕ್ಕಳಿಗೆ ಅವ್ರ ಅಪ್ಪ ಅಮ್ಮಂದಿರಿಗೆ ಒಟ್ಟಿಗೇ ದೀಕ್ಷಾಸ್ನಾನ, ಮದುವೆ ಆಶೀರ್ವಾದ, ಬೆಳಗಾಗೋಕೆ ಮುಂಚೆ ಪೂಜೆ, ಕೋಳಿ ಕೂಗೋ ಹೊತ್ತಿಗೆ ಪೂಜೆ ಪಾತ್ರೆ ಗಂಟು ಕಟ್ಕೊಂಡು ಬೇರೆ ಊರಿಗೆ. ಕೊಂಕಣಿ ಮನುಷ್ಯ, ತಮಿಳು ಕಲಿತ್ರು, ಆಮೇಲೆ ಸಿಂಹಳ. ಪಾದ್ರಿ ಬರದ ತಿಂಗಳುಗಳಲ್ಲಿ ಊರಿನ ಹಿರಿಯರೇ ಪ್ರಾರ್ಥನೆ ನಡೆಸೋರು, ತಮಿಳು ಕಡೆ ಅವ್ರನ್ನ ಮೂಪ್ಪು, ಅಣ್ಣಾವಿ ಅಂತಾರೆ. ಇವತ್ತಿಗೂ ಆ ಪದ ಕಿವಿಗೆ ಬೀಳುತ್ತೆ ಅಲ್ಲಿ. ಮಂಗಳೂರು ಕ್ಯಾಥೊಲಿಕ್ಕರಲ್ಲಿ ಗುರ್ಕಾರ ಅಂತ ಇರ್ತಾರಲ್ಲ ವಾರ್ಡಿಗೆ ಒಬ್ರು, ಹೆಚ್ಚುಕಮ್ಮಿ ಆ ಥರ, ಆದ್ರೆ ಅಲ್ಲಿ ಆ ಕೆಲಸ ಒಪ್ಕೊಂಡವನ ತಲೆ ಮೇಲೆ ಕತ್ತಿ.

ಇದು ಗುಟ್ಟಾಗೇ ಉಳೀಲಿಲ್ಲ. 1689ರ ಕ್ರಿಸ್ಮಸ್ ರಾತ್ರಿ ಜನ ಪೂಜೆಗೆ ಸೇರಿದ್ದಾಗ ಡಚ್ ಸಿಪಾಯಿಗಳು ನುಗ್ಗಿದ್ರು, ಯಾಫ್ನಾದ ಕಮಾಂಡರ್ ಫ್ಲೋರಿಸ್ ಬ್ಲೋಮ್ ಕಾಲ. ವಾಜ್ ಸಿಗ್ಲಿಲ್ಲ. ಸಿಕ್ಕಿದ್ದು ಊರಿನ ಜನ. ಡಾನ್ ಪೆಡ್ರೊ ಅನ್ನೋ ಸ್ಥಳೀಯ, ಡಚ್ಚರ ಧರ್ಮಕ್ಕೆ ಸೇರಿದ್ದು ವಾಪಸ್ ಬಂದವ, ಹೊಡೆತಕ್ಕೆ ಸತ್ತ, ಇನ್ನು ಕೆಲವ್ರನ್ನ ಸಂಕೋಲೆ ಹಾಕಿ ಗೈಮೆಗೆ ತಳ್ಳಿದ್ರು. ನಂಗೆ ಈ ಜಾಗ ಓದಿದಾಗೆಲ್ಲ ಒಂಥರಾ ಆಗುತ್ತೆ, ಪಾದ್ರಿ ತಪ್ಪಿಸ್ಕೊಂಡ್ರು ಅನ್ನೋ ಸಮಾಧಾನ ಒಂದು ಕಡೆ, ಅವ್ರಿಗಾಗಿ ಹೊಡೆತ ತಿಂದವ್ರು ಇನ್ನೊಂದು ಕಡೆ. ಅವ್ರಿಗೂ ಆ ರಾತ್ರಿ ನಿದ್ದೆ ಬಂದಿರ್ಲಿಕ್ಕಿಲ್ಲ.

ಮುಂದಿನ ವರ್ಷ ಪುತ್ತಳಂಗೆ ಹೋದ್ರು, ಅದು ಕ್ಯಾಂಡಿ ರಾಜನ ಸೀಮೆ. 1692ರಲ್ಲಿ ರಾಜಧಾನಿಗೇ ಹೊರಟ್ರು. ಅಲ್ಲಿ ದರ್ಬಾರಲ್ಲಿ ಲಾನೆರೋಲ್ ಅನ್ನೋ ಫ್ರೆಂಚ್ ಪ್ರಾಟೆಸ್ಟೆಂಟ್ ಇದ್ದ, ಅವನು ರಾಜನ ಕಿವಿ ಊದಿದ, ಈ ಬರ್ತಿರೋನು ಪೋರ್ಚುಗೀಸರ ಗೂಢಚಾರ ಅಂತ. ಊರು ಮುಟ್ಟೋ ಹೊತ್ತಿಗೆ ಬೇಡಿ ಸಿದ್ಧ. ವಾಜ್, ಜಾನ್, ಜೊತೆಗೆ ಬಂದಿದ್ದ ಇನ್ನೊಬ್ರು ಸೆರೆ. ಕಾವಲಿನವ್ರು ನೋಡ್ತಾ ನೋಡ್ತಾ ಇವ್ರು ಜಪ ಮಾಡೋದು ಬಿಟ್ರೆ ಇನ್ನೇನೂ ಮಾಡಲ್ಲ ಅಂತ ರಾಜನಿಗೆ ಹೇಳಿರ್ಬೇಕು, ನಿಧಾನವಾಗಿ ಸಡಿಲ ಆಯ್ತು, ಆವರಣದಲ್ಲೇ ಒಂದು ಗುಡಿಸಲು ಚರ್ಚ್ ಎದ್ದಿತು, ಊರೊಳಗಿದ್ದ ಕ್ಯಾಥೊಲಿಕ್ಕರು ಬರೋಕೆ ಶುರು ಮಾಡಿದ್ರು. ಊರು ಬಿಟ್ಟು ಹೊರಗೆ ಹೋಗೋ ಹಂಗಿರ್ಲಿಲ್ಲ ಅಷ್ಟೇ.

ಆಮೇಲೆ ಮಳೆ ಕಥೆ. 1696ರಲ್ಲಿ ಬರ. ಬೌದ್ಧ ಭಿಕ್ಷುಗಳು ಪ್ರಾರ್ಥಿಸಿದ್ರು ಮಳೆ ಬರ್ಲಿಲ್ಲ, ಆಗಿನ ಕ್ಯಾಂಡಿ ರಾಜ ವಿಮಲಧರ್ಮಸೂರ್ಯ ಇವ್ರಿಗೆ ಹೇಳಿಕಳಿಸಿದ, ಇವ್ರು ಚೌಕದಲ್ಲಿ ಶಿಲುಬೆ ನೆಟ್ಟು ಮೊಣಕಾಲೂರಿದ್ರು, ಧೋ ಅಂತ ಸುರೀತು, ಇವ್ರ ಮೇಲೆ ಮತ್ತೆ ಪೀಠದ ಮೇಲೆ ಮಾತ್ರ ಒಂದು ಹನಿ ಬೀಳ್ಲಿಲ್ಲ ಅಂತ. ನಮ್ಮ ಓನರ್ ಇದನ್ನ ಹೇಳುವಾಗ ಕೈ ಮುಗೀತಿದ್ರು. ರಾಜ ಆಗ ಎಲ್ಲಿ ಬೇಕಾದ್ರೂ ಓಡಾಡಿ ಅಂತ ಬಿಟ್ಟ.

ತರ್ಕವಾದಿ_ತುಮಕೂರು

ಎಲ್ಲಾ ಓದ್ದೆ, ಚೆನ್ನಾಗಿದೆ, ಆದ್ರೆ ಒಂದೆರಡು ಮಾತು ಹೇಳ್ಬೇಕು, ಯಾರಿಗೂ ನೋವು ಮಾಡೋ ಉದ್ದೇಶ ಇಲ್ಲ.

ಮಳೆ ಬಂತು ಅಂತ ಬರೆದಿಟ್ಟವ್ರು ಯಾರು? ಅವ್ರದೇ ಸಂಘದ ಪಾದ್ರಿಗಳು, ಗೋವಾಕ್ಕೆ ಬರೆದ ಪತ್ರಗಳಲ್ಲಿ. ಜೀವನಚರಿತ್ರೆ ಬರೆದವ್ರೂ ಅವ್ರೇ. ಭಿಕ್ಷುಗಳ ಕಡೆಯವ್ರು ಬರೆದಿದ್ರೆ ಕಥೆ ಬೇರೆ ಇರ್ತಿತ್ತು. ಋಷ್ಯಶೃಂಗನ ಕಾಲದಿಂದ ಇದೇ ಕಥೆ ನಮ್ಮಲ್ಲೂ ಇದೆ.

ಇನ್ನೊಂದು, ಕಿರುಕುಳ ಕಿರುಕುಳ ಅಂತೀರಲ್ಲ, ಡಚ್ಚರು ಬರೋಕೆ ಮುಂಚೆ ಅದೇ ಯಾಫ್ನಾದಲ್ಲಿ ಪೋರ್ಚುಗೀಸರು ಏನು ಮಾಡಿದ್ರು ಹೇಳಿ? 1619ರಲ್ಲಿ ರಾಜ್ಯ ಹಿಡಿದ್ರು, ಎರಡೇ ವರ್ಷದಲ್ಲಿ ನಲ್ಲೂರಿನ ಕಂದಸ್ವಾಮಿ ದೇವಸ್ಥಾನ ಒಡೆದು ಹಾಕಿದ್ರು. ಗೋವಾದಲ್ಲಿ 1560ರಿಂದ ಇನ್‌ಕ್ವಿಸಿಷನ್, ಅಂದ್ರೆ ಧರ್ಮ ತಪ್ಪಿದವ್ರು ಅಂತ ಹಿಡಿದು ಶಿಕ್ಷೆ ಕೊಡೋ ಚರ್ಚಿನ ನ್ಯಾಯಾಲಯ. ವಾಜ್ ಕೆನರಾದಿಂದ ಗೋವಾಕ್ಕೆ ವಾಪಸ್ ಹೋದ್ರು ಅಂದ್ರಲ್ಲ 1684ರಲ್ಲಿ, ಅದೇ ವರ್ಷ ಅಲ್ಲಿ ವೈಸರಾಯ್ ಆಜ್ಞೆ ಹೊರಡಿಸಿದ, ಮೂರು ವರ್ಷದೊಳಗೆ ಎಲ್ರೂ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡ್ಬೇಕು ಅಂತ. ಅಂದ್ರೆ ಈ ಮನುಷ್ಯ ಬಿಟ್ಟು ಹೊರಟ ಊರಲ್ಲಿ ಅವ್ರ ತಾಯಿ ಭಾಷೆಗೇ ಕಿರುಕುಳ. ಆ ಊರಿನ ಚರ್ಚು ಕೊಟ್ಟ ಏಟಿನ ಬಗ್ಗೆ ಒಂದು ಸಾಲೂ ಇಲ್ಲ ಈ ಚರ್ಚೇಲಿ.

ಊರಿನವ್ರ ಸಂಘ ಅಂತ ಹೆಮ್ಮೆ ಪಟ್ರಲ್ಲ ಪುರ್ಬು ಸಾರ್, ಆ ಓರೆಟರಿಗೆ ಯಾರು ಸೇರ್ಬಹುದಿತ್ತು ಅಂತ ಕೇಳಿದೀರಾ? ಬ್ರಾಹ್ಮಣ ಮೂಲದ ಕ್ರೈಸ್ತರು ಮಾತ್ರ. ಬಿಳಿಯ ಇವ್ರನ್ನ ಹೊರಗಿಟ್ಟ, ಇವ್ರು ಕೆಳಗಿನವ್ರನ್ನ ಹೊರಗಿಟ್ರು. ಜೊತೆಗೆ ಬಂದ ಜಾನ್ ನೋಡಿ, ಅದೇ ದೋಣಿ, ಅದೇ ಭೇದಿ, ಅದೇ ಜೈಲು, ಆದ್ರೆ ಅವನು ಕೊನೇವರೆಗೂ "ಆಳು ಜಾನ್".

ಬಂದರ್_ಪುರ್ಬು

ತರ್ಕವಾದಿಯವ್ರೇ, ಜಾತಿ ವಿಷಯ ನೀವು ಹೇಳಿದ್ದು ಸರಿ, ಅಲ್ಲ ಅಂತ ಹೇಳ್ಲಿಕ್ಕೆ ನನ್ನ ಹತ್ರ ಏನೂ ಇಲ್ಲ. ನಮ್ಮಲ್ಲಿ ಮೊನ್ನೆ ಮೊನ್ನೆ ತನಕ ಮದುವೆ ಮಾತುಕತೆಯಲ್ಲಿ ಬಾಮಣ್, ಚಾರೊಡಿ, ಗಾವ್ಡಿ ಅಂತ ಕೇಳ್ತಿದ್ರು, ಈಗಲೂ ಕೆಲವು ಮನೆಯಲ್ಲಿ ಉಂಟು. ಇನ್‌ಕ್ವಿಸಿಷನ್ ಬಗ್ಗೆಯೂ ಸಮರ್ಥನೆ ಮಾಡೂದಿಲ್ಲ, ಮಂಗಳೂರಿಗೆ ನಮ್ಮ ಹಿರಿಯರು ಓಡಿ ಬಂದ ಕಾರಣಗಳಲ್ಲಿ ಅದೂ ಒಂದು, ತೆರಿಗೆ, ಕ್ಷಾಮ, ಮರಾಠರ ದಾಳಿ ಇನ್ನು ಕೆಲವು.

ಆದ್ರೆ ಮಳೆ ಬಿಡಿ, ಅದರ ಮರುವರ್ಷದ್ದು ನೋಡಿ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು. ರಾಜ ಊರು ಬಿಟ್ಟ, ಸರದಾರರು ಬಿಟ್ರು, ಮನೆಯವರೇ ರೋಗಿಯನ್ನು ಕಾಡಿನಲ್ಲಿ ಬಿಟ್ಟು ಹೋಗ್ತಿದ್ರು. ಅಷ್ಟರಲ್ಲಿ ಗೋವಾದಿಂದ ಬಂದು ಸೇರಿದ್ದ ಜೋಸೆಫ್ ಕಾರ್ವಾಲ್ಹೊ ಅಂತ ವಾಜರ ಸೋದರಳಿಯ, ಅವರೂ ಪಾದ್ರಿ. ಮಾವ ಅಳಿಯ ಇಬ್ಬರೂ ಅಲ್ಲೇ ಉಳಿದ್ರು. ಖಾಲಿ ಬಿದ್ದ ಮನೆಗಳಿಗೆ ರೋಗಿಗಳನ್ನು ಹೊತ್ತು ತಂದು ಮಲಗಿಸಿ, ಗಾಯ ತೊಳೆದು, ಗಂಜಿ ಕುಡಿಸಿ, ಸತ್ತವರಿಗೆ ಗುಂಡಿ ತೋಡಿ ಹುಗಿದ್ರು, ಯಾವ ಧರ್ಮ ಅಂತ ಕೇಳ್ಲಿಲ್ಲ. ಯಾಫ್ನಾದಲ್ಲಿ ತನಗೆ ಬಂದ ಗಂಜಿ ಅಲ್ಲಿ ವಾಪಸ್ ಕೊಟ್ರು ಅಂತ ನಾನು ಲೆಕ್ಕ ಹಾಕುವುದು. ಈ ಪಾದ್ರಿಗಳು ಇಲ್ಲದಿದ್ರೆ ಬೀದಿ ತುಂಬಾ ಹೆಣ ಬಿದ್ದಿರ್ತಿತ್ತು ಅಂತ ರಾಜನೇ ಹೇಳಿದ ಅಂತ ಉಂಟು, ಅದನ್ನೂ ನಮ್ಮವರೇ ಬರೆದದ್ದು, ಒಪ್ಪಿದೆ. ಆದ್ರೆ ಕಷ್ಟದ ಕೆಲಸಕ್ಕೆ ಪವಾಡ ಬೇಡ, ಎರಡು ಕೈ ಸಾಕಿತ್ತು.

ಮತ್ತೆ ಅಷ್ಟಕ್ಕೆ ಕ್ಯಾಂಡಿಯಲ್ಲಿ ಎಲ್ಲ ಸಸೂತ್ರ ಆಯ್ತು ಅಂತ ಅಲ್ಲ. ಎರಡು ವರ್ಷದಲ್ಲಿ ಭಿಕ್ಷುಗಳ ದೂರಿನ ಮೇಲೆ ಕಾರ್ವಾಲ್ಹೊರನ್ನು ಊರಿಂದ ಹೊರಗೆ ಹಾಕಿದ್ರು. ವಾಜ್ ನಡುನಡುವೆ ವೇಷ ಹಾಕಿ ಡಚ್ ಸೀಮೆಗೆ, ಕೊಲಂಬೊ ನೆಗೊಂಬೊ ಕಡೆಗೆಲ್ಲ ಇಳಿದು ಬರ್ತಿದ್ರು, ಐವತ್ತು ದಾಟಿದ ಮೇಲೂ. ರೋಮಿನ ಪ್ರತಿನಿಧಿ ಬಿಷಪ್ ಮಾಡುವ ವಿಚಾರ ಎತ್ತಿದಾಗ ಬೇಡ ಅಂದ್ರು.

ಹಳೇ_ಪುಟಗಳು

ಇಲ್ಲಿ ಒಂದು ಸೇರಿಸ್ತೀನಿ. 1705ರಲ್ಲಿ ಗೋವಾದಿಂದ ಜಾಕೊಮೆ ಗ್ವಾನ್ಸಾಲ್ವೆಸ್ ಅನ್ನೋರು ಬಂದು ಸೇರಿದ್ರು, ದಿವಾರ್ ದ್ವೀಪದವ್ರು, ಅವ್ರು ಸಿಂಹಳ ಕಲಿತು ಗದ್ಯ, ಹಾಡು, ನಿಘಂಟು ಅಂತ ರಾಶಿ ಬರೆದ್ರು, ತಮಿಳಲ್ಲೂ. ಸಿಂಹಳ ಕ್ಯಾಥೊಲಿಕ್ ಸಾಹಿತ್ಯಕ್ಕೆ ಅವ್ರೇ ತಳಪಾಯ. ಗೋವಾದಲ್ಲಿ ಕೊಂಕಣಿಗೆ ನಿಷೇಧ, ಅಲ್ಲಿಂದ ಬಂದ ಕೊಂಕಣಿಗ ಪರರ ಭಾಷೆಗೆ ನಿಘಂಟು ಬರೀತಾನೆ. ತರ್ಕವಾದಿಗಳು ಎತ್ತಿದ 1684ರ ವಿಷ್ಯದ ಪಕ್ಕ ಇದನ್ನಿಟ್ಟು ನೋಡಿ.

ಕ್ಯಾಂಡಿ ರಾಜರ ಉದಾರತೆಯೂ ಖಾಯಂ ಅಲ್ಲ. ವಿಮಲಧರ್ಮಸೂರ್ಯ 1707ರಲ್ಲಿ ಸತ್ತ, ಮಗ ನರೇಂದ್ರಸಿಂಹ ಅದೇ ದಾರೀಲಿದ್ದ, ಅವನಾದ್ಮೇಲೆ ಬಂದ ಶ್ರೀ ವಿಜಯ ರಾಜಸಿಂಹ 1740ರ ದಶಕದಲ್ಲಿ ಪಾದ್ರಿಗಳನ್ನ ಹೊರಗಟ್ಟಿದ. ಡಚ್ಚರ ಕಾನೂನುಗಳನ್ನ ಬ್ರಿಟಿಷರು ತೆಗೆದಿದ್ದು 1806ರಲ್ಲಿ. ಅಂದ್ರೆ 1658ರಿಂದ ಲೆಕ್ಕ ಹಾಕಿದ್ರೆ ಸುಮಾರು 150 ವರ್ಷ.

ಬಸ್ರೂರ್_ಭಟ್ಟಿ

ಹ್ವಾಯ್, ಎಲ್ಲ ಮಂಗ್ಳೂರ್ ಮುಡಿಪು ಅಂದ್ಕಂಡೇ ಇದ್ರಿ, ನಮ್ ಬಸ್ರೂರ್ ಕುಂದಾಪ್ರ ಹೆಸ್ರ್ ಎತ್ತುದೇ ಇಲ್ಲ ಅಲ್ದಾ. ವಾಜ್ ಪಾದ್ರಿ ಇಲ್ಲೆಲ್ಲ ತಿರ್ಗಿದ್ರ್. ಆಗಿನ್ ಕಾಲ್ದಗೆ ಬಸ್ರೂರ್ ಅಂದ್ರ್ ದೊಡ್ಡ ಬಂದ್ರ್, ಗೋವಾಕ್ಕೆ ಅಕ್ಕಿ ಹೋಪ್ದೇ ಇಲ್ಲಿಂದ. ಪೋರ್ಚುಗೀಸ್ರ್ ಹೊಟ್ಟಿ ತುಂಬ್ಸದ್ದ್ ನಾವ್, ಅಷ್ಟ್ ನೆನಪ್ ಇಟ್ಕಣಿ ಸಾಕ್.

ಹಾಸನದ_ಹೈದ

ಹಹ ಭಟ್ಟರೇ, ಬಸ್ರೂರಿಗೂ ಬರ್ತೀನಿ ಒಂದಿನ.

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಇದನ್ನೆಲ್ಲ ಫ್ರೆಂಡ್ ಮನೆಗೆ ಹೋಗಿ ಅಮ್ಮನಿಗೆ ಓದಿ ಹೇಳ್ದೆ, ಮೊಬೈಲಲ್ಲಿ ಅಕ್ಷರ ಸಣ್ಣದು ಅವ್ರಿಗೆ ಕಾಣಲ್ಲ. ತರ್ಕವಾದಿಯವ್ರ ಮಾತಿಗೆ ಸಿಟ್ಟಾಗ್ತಾರೆ ಅಂದ್ಕೊಂಡಿದ್ದೆ, ಆಗ್ಲಿಲ್ಲ, ಸ್ವಲ್ಪ ಹೊತ್ತು ಸುಮ್ನಿದ್ದು "ಜಾನ್‌ಗೂ ಒಂದು ಮೇಣದಬತ್ತಿ ಹಚ್ಚುವ ಈ ಸಲ" ಅಂದ್ರು. ಆಮೇಲೆ ಒಂದು ಪ್ರಶ್ನೆ ಕೇಳಿದ್ರು, ಸಂತರ ಸಮಾಧಿ ಎಲ್ಲಿದೆ ನೋಡ್ಬಹುದಾ ಅಂತ. ಯಾರಾದ್ರೂ ಹೇಳಿ, ನನ್ನಿಂದ ಹೇಳೋಕಾಗ್ಲಿಲ್ಲ.

ಕೊಲಂಬೊ_ರಿಟರ್ನ್

ತೀರಿಕೊಂಡಿದ್ದು ಕ್ಯಾಂಡಿಲೇ, 1711 ಜನವರಿ 16, ಅರವತ್ತು ತುಂಬೋಕೆ ಮೂರು ತಿಂಗಳಿತ್ತು. ಅಲ್ಲೇ ಅವ್ರು ಕಟ್ಟಿದ್ದ ಚರ್ಚಲ್ಲಿ ಹೂಳಿದ್ರು. ಆಮೇಲಿನ ಗಲಾಟೇಲಿ ಆ ಚರ್ಚು ಹೋಯ್ತು, ಸಮಾಧಿ ಗುರುತೂ ಹೋಯ್ತು. ಹಂಗಾಗಿ ಅಮ್ಮನಿಗೆ ತೋರ್ಸೋಕೆ ಕಲ್ಲು ಅಂತ ಏನೂ ಇಲ್ಲ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೊಲಂಬೊಕ್ಕೆ ಬಂದು ಪುಣ್ಯವಂತರು (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಅಂತ ಸಾರಿದ್ರು, 2015 ಜನವರಿ 14ಕ್ಕೆ ಪೋಪ್ ಫ್ರಾನ್ಸಿಸ್ ಗಾಲ್ ಫೇಸ್ ಮೈದಾನದಲ್ಲಿ ಸಂತ ಪದವಿ ಕೊಟ್ರು. ಆ ಮೈದಾನ ಡಚ್ಚರ ಕೊಲಂಬೊ ಕೋಟೆ ಇತ್ತಲ್ಲ, ಅದರ ಪಕ್ಕದಲ್ಲೇ.

ಬಂದರ್_ಪುರ್ಬು

ಹೈದ ಅವ್ರೇ, ಜನವರಿ 16 ಅವರ ಹಬ್ಬ. ಆ ಸಮಯಕ್ಕೆ ಮುಡಿಪಿಗೆ ಅಮ್ಮನನ್ನು ಕರ್ಕೊಂಡು ಬರುವುದಾದ್ರೆ ಬೆಳಿಗ್ಗೆ ಬೇಗ ಬನ್ನಿ, ಗುಡ್ಡದ ದಾರಿಯಲ್ಲಿ ಕಾರು ನಿಲ್ಲಿಸ್ಲಿಕ್ಕೆ ಜಾಗ ಸಿಗೂದಿಲ್ಲ. ಬಾಟ್ಲಿ ಎರಡು ತನ್ನಿ, ಒಂದು ತರ್ಕವಾದಿಯವ್ರಿಗೆ.